ನಾಳೆ ಹೋಗಬೇಕಿದ್ದವರು

"ನಮ್ಮಪ್ಪನ್ನ ಯಾರೋ ಸಾಯಿಸಿದಾರೆ," ಎಂದಳು ಬ್ಲಾಂಶ್. "ನಾಳೆ ಹೇಗೂ ಹೋಗೋರಿದ್ರು. ಇವತ್ತೇ ಸಾಯಿಸಿದಾರೆ."

ಸೇಂಟ್ ಲಾರೆನ್ಸ್ ನದಿಯ ಮಂಜು ಅವಳ ಬೆನ್ನಿಗೇ ಒಳಗೆ ಬಂದಂತಿತ್ತು. ನನ್ನ ಗೆಳತಿ ಒಡಿಲ್ ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ, ಕ್ವಿಬೆಕ್‌ನ ನಮ್ಮ ಹಳ್ಳಿಯಲ್ಲಿ ಏನೇ ತೊಡಕಾದರೂ ಜನ ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಅವಳು ಕೋಟು ಹಾಕಿಕೊಂಡಳು. ನಾನು ಕಾರು ತೆಗೆದೆ.

ಬ್ಲಾಂಶಳ ತಂದೆ ಝೆಫಿರಾಂ ದೋಣಿ ಕಟ್ಟುತ್ತಿದ್ದವರು. ಕ್ಯಾನ್ಸರ್ ಮೂಳೆಗಿಳಿದ ಮೇಲೆ, ಕಾನೂನು ಒಪ್ಪಿದಂತೆ ಡಾಕ್ಟರರಿಂದ ದಯಾಮರಣ ಕೇಳಿಕೊಂಡಿದ್ದರು. ಡಾಕ್ಟರ್ ಮರುದಿನ ಬೆಳಿಗ್ಗೆ ಬರುವುದಿತ್ತು. ಝೆಫಿರಾಂ ಅವರ ತಮ್ಮ ಲೆಯೊಪೋಲ್ ನಮ್ಮೂರ ಪಾದ್ರಿ. "ಜೀವ ಕೊಟ್ಟವನೇ ತಗೋಬೇಕು. ಅಣ್ಣ ಈ ಹಟ ಬಿಡೋವರೆಗೂ, ಸಾಯೋರ ಹಣೆಗೆ ಪಾದ್ರಿ ಹಚ್ಚೋ ಅಂತಿಮ ಅಭಿಷೇಕದ ಎಣ್ಣೆ ಹಚ್ಚಲ್ಲ," ಎಂದು ಊರೆದುರಿಗೇ ಹೇಳಿದ್ದರು.

ಝೆಫಿರಾಂ ಜಗಲಿಯ ಕುರ್ಚಿಯಲ್ಲಿ ಕಂಬಳಿ ಹೊದ್ದು ನದಿಗೆ ಮುಖಮಾಡಿ ಕೂತೇ ಇದ್ದರು. ನದಿ ಮಾತ್ರ ಕಾಣುತ್ತಿರಲಿಲ್ಲ. ಮಂಜಿನೊಳಗೆಲ್ಲೋ ಬಾತುಗಳು ಕನಸಿನಲ್ಲಿ ಕರೆದಂತೆ ಕೂಗುತ್ತಿದ್ದವು. ಪಕ್ಕದಲ್ಲಿ ಚಹಾದ ಲೋಟ, ನೋವಿಗೆಂದು ಕೊಟ್ಟಿದ್ದ ಮಾರ್ಫಿನ್‌ನ ಖಾಲಿ ಬಾಟಲಿ. ಬಿಸಿಲಿಲ್ಲದಿದ್ದರೂ ಅವರ ಹಣೆ ಮಿನುಗುತ್ತಿತ್ತು. ಒಡಿಲ್ ಮುಟ್ಟಿ, ಬೆರಳು ಮೂಸಿದಳು.

"ಅಪ್ಪನ ಮನಸ್ಸೇನಾದ್ರೂ ಬದಲಾಗಿತ್ತಾ?" ಎಂದು ಬ್ಲಾಂಶಳನ್ನು ಕೇಳಿದಳು.

"ಇಲ್ಲ. ಊಟ ಆದ್ಮೇಲೆ ನೀಲಿ ಅಂಗಿ ಇಸ್ತ್ರಿ ಮಾಡಿಸಿ, 'ನಾಳೆ ಡಾಕ್ಟರ್ ಬಂದಾಗ ಇದೇ ಹಾಕು' ಅಂದ್ರು. ನಾನು ಸೇಬು ಕೀಳೋಕೆ ಹೋದೆ. ಬರೋಷ್ಟರಲ್ಲಿ ಹೀಗೆ."

ಪಾದ್ರಿಗಳನ್ನೂ ಕೇಳಿದೆವು. "ಬಂದಿದ್ದೆ. ಅಣ್ಣ ನಿದ್ದೆಯಲ್ಲಿದ್ದ. ಗೇಟಿನಿಂದಲೇ ಪ್ರಾರ್ಥನೆ ಮಾಡಿ ಹೋದೆ," ಎಂದರು.

"ಅಪ್ಪನ ನೋವು ನೋಡಲಾರದೆ ಮಗಳೇ ಕೊಟ್ಟಿರಬೇಕು," ಎಂದು ನಾನು ಪಿಸುಗುಟ್ಟಿದೆ.

"ನಿನ್ನ ತಲೆಗೂ ಮಂಜು ಹೊಕ್ಕಿದೆ," ಎಂದಳು ಒಡಿಲ್.

ಸಂಜೆ ಬ್ಲಾಂಶ್, ಪಾದ್ರಿ, ಡಾಕ್ಟರ್ ಮತ್ತು ಊರಿನ ಪೊಲೀಸಿನವನನ್ನು ಒಡಿಲ್ ಅದೇ ಮನೆಯ ಅಡುಗೆಮನೆಯಲ್ಲಿ ಕೂರಿಸಿದಳು.

"ಒಂದು ರಾತ್ರಿ ಕಳೆದಿದ್ರೆ ಡಾಕ್ಟರೇ ಬರ್ತಿದ್ರು. ಹಾಗಿದ್ದ ಮೇಲೆ ಬ್ಲಾಂಶ್ ಯಾಕೆ ಕೊಲೆ ಮೈಮೇಲೆ ಹಾಕ್ಕೋತಾಳೆ? ಝೆಫಿರಾಂ ತಾವೇ ಕುಡಿದ್ರು ಅನ್ನೋಣ ಅಂದ್ರೆ ಅಂಗಿ ನಾಳೆಗೆ ಕಾದಿತ್ತು. ಆತುರ ಇದ್ದದ್ದು ಆ ನಾಳೆ ಬರಲೇಬಾರದು ಅನ್ನೋರಿಗೆ. ಫಾದರ್, ನೀವು ಗೇಟು ದಾಟಲಿಲ್ಲ ಅಂದ್ರಿ. ಅಣ್ಣನ ಹಣೆ ಮೇಲೆ ಅಭಿಷೇಕದ ಎಣ್ಣೆ ಇದೆ. ಈ ಊರಲ್ಲಿ ಅದನ್ನ ಹಚ್ಚೋ ಕೈ ಒಂದೇ. ಅವರು ಹಟ ಬಿಡಲಿಲ್ಲ, ಆದ್ರೂ ನೀವು ಹಚ್ಚಿದ್ರಿ. ಯಾಕಂದ್ರೆ ಅವರ ಹಟ ಇನ್ನು ನಡೆಯಲ್ಲ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಲೆಯೊಪೋಲ್ ತಲೆಯೆತ್ತಲಿಲ್ಲ. "ಚಹಾದಲ್ಲಿ ಬೆರೆಸಿದೆ," ಎಂದರು ಮೆಲ್ಲಗೆ. "ನಾಳೆ ಅವನೇ ಕೇಳಿ ಸತ್ತಿದ್ರೆ ಪಾಪ ಅವನದು. ಇವತ್ತು ಕೊಂದೋನು ನಾನು, ಪಾಪ ನಂದು. ನರಕಕ್ಕೆ ನಾನೇ ಹೋಗ್ತೀನಿ. ಅಣ್ಣ ಬೇಡ."



"ಬೆಳಿಗ್ಗೆ ಅವರೇ ಬೇಡ ಅನ್ನಬಹುದಿತ್ತು," ಎಂದರು ಡಾಕ್ಟರ್. "ಕೊನೇ ಗಳಿಗೆಯಲ್ಲಿ ಮನಸ್ಸು ತಿರುಗಿದವರನ್ನ ನಾನು ನೋಡಿದೀನಿ."

ಪಾದ್ರಿಗಳ ಮುಖ ಬಿಳುಚಿತು. ಅದನ್ನವರು ಯೋಚಿಸಿಯೇ ಇರಲಿಲ್ಲ.

"ಚಿಕ್ಕಪ್ಪ," ಎಂದಳು ಬ್ಲಾಂಶ್, "ಇವತ್ತು ರಾತ್ರಿ ಅಪ್ಪನ ಜೊತೆ ದೋಣಿ ಕಟ್ಟಿದ ಗೆಳೆಯರು ಬಂದು ಹಾಡೋರಿದ್ರು. ಅದಕ್ಕೇ ಅಪ್ಪ ಒಂದೊಂದು ದಿನಾನೂ ನೂಕಿದ್ದು. ಪಾಪ ಯಾರದೋ ನಂಗೊತ್ತಿಲ್ಲ. ಈ ಸಂಜೆ ಮಾತ್ರ ಅವರದಾಗಿತ್ತು."

ಹೊರಗೆ ಕಾಲಸಪ್ಪಳವಾಯಿತು. ವಿಷಯ ತಿಳಿಯದ ಆ ಮುದಿ ಗೆಳೆಯರು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಬ್ಲಾಂಶ್ ಹೋಗಿ ಹೇಳಿದಳು. ಒಬ್ಬೊಬ್ಬರೇ ಟೋಪಿ ತೆಗೆದರು. ಆಮೇಲೆ ಒಬ್ಬನ ದನಿ ಎದ್ದಿತು, ಉಳಿದವರದು ಕೂಡಿಕೊಂಡಿತು.

ಪೊಲೀಸಿನವನು ಪಾದ್ರಿಗಳ ಹೆಗಲ ಮೇಲೆ ಕೈಯಿಟ್ಟ. ಒಡಿಲ್ ಕಣ್ಣಲ್ಲೇ ಈಗಲೇ ಬೇಡವೆಂದಳು. ಹಾಡು ಮುಗಿಯುವವರೆಗೂ ಲೆಯೊಪೋಲ್ ಅದನ್ನು ಕೂತು ಕೇಳಬೇಕಾಯಿತು.