ಎರಡೇ ಎರಡು ರಿಂಗ್

"ಅಮ್ಮಾ, ಮೂರನೇ ಕಂಪನಿನೇ ಫೈನಲ್ ಮಾಡ್ಲಾ?"

ಅಮ್ಮ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ. ಅವಳ ತುಟಿಗಳ ನಡುವೆ ಗುಂಡುಸೂಜಿಗಳು ಸಾಲಾಗಿ ಕೂತಿದ್ದವು. ಎದುರಿಗೆ ಸ್ಟೂಲಿನ ಮೇಲೆ ಒಬ್ಬ ಗಿರಾಕಿ ಎರಡೂ ಕೈ ಚಾಚಿಕೊಂಡು ನಿಂತಿದ್ದರು. ಅವರ ಕೋಟಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ.

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಾಯಲ್ಲಿ ಸೂಜಿ ಇರುವಾಗ ಅವಳನ್ನು ಏನು ಕೇಳಿದರೂ "ಹ್ಞೂಂ" ಎನ್ನುತ್ತಾಳೆ. ಮನೆಯಲ್ಲಿ ಯಾರಿಗಾದರೂ ಐಸ್‌ಕ್ರೀಮ್ ಬೇಕಾದರೆ ಈ ಹೊತ್ತಿಗೇ ಕಾಯುತ್ತಾರೆ, ಅಪ್ಪನೂ ಸೇರಿ.

"ನಂಬರ್ ಬೇರೆ ಆಗುತ್ತೆ. ಹಳೇದೇ ಬೇಕು ಅಂದ್ರೆ ಇನ್ನೂ ಜಾಸ್ತಿ ಕೊಡ್ಬೇಕಂತೆ. ಹೊಸದಾದ್ರೂ ನಡೆಯುತ್ತೆ ಅಲ್ವಾ?"

"ಹ್ಞೂಂ," ಎಂದಳು ಅಮ್ಮ, ತೋಳಿನ ಮೇಲಿಂದ ಕಣ್ಣು ಕದಲಿಸದೆ.

ಅಷ್ಟು ಸಾಕಾಗಿತ್ತು. ಚೂಟಿ ಅಮ್ಮನ ಮೊಬೈಲಿನಲ್ಲಿ ಬಟನ್ ಒತ್ತಿಯೇ ಬಿಟ್ಟಳು.

ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಹೇಳುವ ಮೊದಲೇ ಮಾಡಿ ಮುಗಿಸುವ ಹುಡುಗಿಯನ್ನು ಮನೆಯಲ್ಲಿ ಇನ್ನೇನೆಂದು ಕರೆಯುತ್ತಾರೆ? ಎಲ್ಲರಿಗೂ ಅವಳು ಚೂಟಿ. ಐದನೇ ಕ್ಲಾಸ್ ಮುಗಿದು ರಜೆ ಬಂದಿತ್ತು. ರಜೆಯಲ್ಲಿ ಚೂಟಿಗೆ ಕೆಲಸ ಕೊಡದಿದ್ದರೆ ಅವಳೇ ಹುಡುಕಿಕೊಳ್ಳುತ್ತಾಳೆ, ಅದು ಇನ್ನೂ ಅಪಾಯ. ಅದಕ್ಕೇ ಅಪ್ಪ ಅವಳನ್ನು ಮನೆಯ ಫೋನ್ ಮಂತ್ರಿ ಮಾಡಿದ್ದರು.

ಆಗಿದ್ದು ಇಷ್ಟೇ. ಪ್ರತಿ ಭಾನುವಾರ ಅಮ್ಮ ಹೊರದೇಶದಲ್ಲಿರುವ ದೊಡ್ಡಮ್ಮನ ಜೊತೆ ಮನೆಯ ಫೋನಿನಲ್ಲಿ ಹರಟೆಗೆ ಕೂರುತ್ತಾಳೆ. ಇಬ್ಬರಿಗೂ "ಸರಿ, ಇಡ್ಲಾ?" ಎಂದ ಮೇಲೆಯೇ ನಿಜವಾದ ಮಾತು ಶುರುವಾಗುವುದು. ಈ ಸಲ ಬಿಲ್ಲು ನೋಡಿ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಇಂಟರ್ನೆಟ್ಟಿನಲ್ಲಿ ಓಡುವ ಮನೆ ಫೋನ್ ಬಂದಿದೆ, ಬಹಳ ಅಗ್ಗ ಎಂದು ಅವರ ಜೊತೆಯ ಡ್ರೈವರೊಬ್ಬರು ಹೇಳಿದ್ದರು. ಅಪ್ಪ ಸಿಟಿ ಬಸ್ ಓಡಿಸುವವರು. ಕಂಪನಿ ಕಂಪನಿ ವಿಚಾರಿಸುತ್ತ ಕೂರಲು ಅವರಿಗೆ ಪುರುಸೊತ್ತಿರಲಿಲ್ಲ. ಚೂಟಿಗೆ ಬೇಕಾದಷ್ಟಿತ್ತು.

ಅವಳು ಮೂರು ಕಂಪನಿಗಳನ್ನು ಹಿಡಿದಳು. ಮೊದಲನೆಯದಕ್ಕೆ ಫೋನ್ ಮಾಡಿದರೆ ಬರೀ ಪೀಪಿ ಸಂಗೀತ, ಮನುಷ್ಯರೇ ಇಲ್ಲ. ಎರಡನೆಯದರಲ್ಲಿ ಒಬ್ಬ ಅಕ್ಕ ಸಿಕ್ಕಿದಳು. ನಿಧಾನ ಅಂದರೆ ನಿಧಾನ. ನಿಮ್ಮ ಮನೆಯಲ್ಲಿ ಯಾರ್ಯಾರಿದ್ದೀರಿ, ಹಳೆಯ ನಂಬರಿಗೆ ಯಾರ್ಯಾರು ಫೋನ್ ಮಾಡುತ್ತಾರೆ ಎಂದೆಲ್ಲ ಕೇಳಿದಳು. ಇವಳಿಗ್ಯಾಕೆ ಊರ ಉಸಾಬರಿ ಎಂದುಕೊಂಡು ಚೂಟಿ ಮಾರ್ಕ್ಸ್ ಕಡಿಮೆ ಕೊಟ್ಟಳು. ಮೂರನೆಯ ಕಂಪನಿ ಎಲ್ಲಕ್ಕಿಂತ ಅಗ್ಗ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಚೂಟಿಗೆ ಅದೇ ಹಿಡಿಸಿತು.

ಅಂಗೈಯಷ್ಟು ದೊಡ್ಡ ಡಬ್ಬಿಯೊಂದು ಕೊರಿಯರಿನಲ್ಲಿ ಬಂತು. ಅದನ್ನು ಮನೆಯ ಇಂಟರ್ನೆಟ್ಟಿಗೆ ಸಿಕ್ಕಿಸಿದರು. ಆಮೇಲೆ ಫೋನಿನ ವೈರನ್ನು ಗೋಡೆಯ ತೂತಿನಿಂದ ಕಿತ್ತು ಡಬ್ಬಿಯ ತೂತಿಗೆ ಹಾಕಿದರು. ಹಸಿರು ದೀಪ ಹತ್ತಿತು. ಅಷ್ಟೇ. ಫೋನು ಮಾತ್ರ ಅದೇ ಹಳೆಯದು, ಅಜ್ಜಿಯ ಕುರ್ಚಿಯ ಪಕ್ಕದ ಹಲಗೆಯ ಮೇಲೆ ಕೂತಿರುವ, ದೊಡ್ಡ ದೊಡ್ಡ ಬಟನ್ನಿನ ಫೋನು. ಹೊಸ ನಂಬರನ್ನು ಚೂಟಿ ಅಪ್ಪನಿಗೆ, ದೊಡ್ಡಮ್ಮನಿಗೆ, ಗೆಳತಿಯರಿಗೆಲ್ಲ ಮೆಸೇಜ್ ಮಾಡಿದಳು. ಹಳೆಯ ಲೈನ್ ನಿಲ್ಲಿಸಿ ಎಂದು ಅಪ್ಪ ಒಂದು ಅರ್ಜಿ ಬರೆದು ಜೇಬಿಗೆ ಹಾಕಿಕೊಂಡರು.

"ಮಂತ್ರಿಗಳು ಭಾರೀ ಕೆಲಸ ಮಾಡಿದ್ರು ಬಿಡಿ," ಎಂದರು.

ಚೂಟಿಗೆ ಇನ್ನೊಂದು ಖುಷಿಯೂ ಇತ್ತು. ಆ ಫೋನಿಗೆ ಒಂದು ಹುಚ್ಚು ಹಿಡಿದಿತ್ತು. ದಿನಾ ಊಟದ ಹೊತ್ತಿಗೆ ಎರಡು ಸಲ ಬಡಿದುಕೊಂಡು ಸುಮ್ಮನಾಗುತ್ತಿತ್ತು. ರಜೆಯ ದಿನಗಳಲ್ಲಿ ಚೂಟಿ ಅದನ್ನು ಹಿಡಿಯಲು ಅಡುಗೆಮನೆಯಿಂದ ಓಡಿಬರುತ್ತಿದ್ದಳು. ಒಮ್ಮೆಯೂ ಸಿಕ್ಕಿರಲಿಲ್ಲ. ಸಿಗುವಂತಾದ ದಿನ ಅಜ್ಜಿಯೇ ಅವಳ ಕೈ ತಡೆದಿದ್ದಳು. "ಬಿಡೇ, ಎತ್ತಬೇಡ. ಅದಕ್ಕೆ ಬೇಕಾದಾಗ ಕೂಗುತ್ತೆ, ಸಾಕಾದಾಗ ನಿಲ್ಸುತ್ತೆ," ಎಂದಿದ್ದಳು.

ಡಬ್ಬಿ ಬಂದ ದಿನ ಫೋನು ಬಡಿದುಕೊಳ್ಳಲಿಲ್ಲ.

"ನೋಡಿದ್ಯಾ ಅಜ್ಜಿ? ಹುಚ್ಚು ಬಿಟ್ಟೋಯ್ತು," ಎಂದಳು ಚೂಟಿ.

ಅಜ್ಜಿ ಫೋನನ್ನೇ ನೋಡುತ್ತಿದ್ದಳು. ಆ ದಿನ ಹಸಿವಿಲ್ಲವೆಂದು ಊಟಕ್ಕೆ ಏಳಲಿಲ್ಲ. ಮಾರನೆಯ ದಿನವೂ ಹಾಗೇ ಆಯಿತು. ಅಮ್ಮ ಬಡಿಸಿಟ್ಟ ತಟ್ಟೆ ಆರಿ ತಣ್ಣಗಾಯಿತು. ಬಿಸಿಲಿಗೆ ವಯಸ್ಸಾದವರ ಬಾಯಿ ಕೆಡುತ್ತದೆ ಎಂದು ಅಮ್ಮ ಹೇಳಿದಳು. ಅಜ್ಜಿ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟು ಮತ್ತೆ ಕೆಳಗಿಡುವುದನ್ನು ಚೂಟಿ ನೋಡಿದಳು.

"ಇದು ಸರಿಯಾಗಿದೆ ತಾನೇ?" ಎಂದು ಅಜ್ಜಿ ಕೇಳಿದಳು.

"ಸೂಪರಾಗಿದೆ. ಬೇಕಾದ್ರೆ ನೋಡು." ಚೂಟಿ ಅಮ್ಮನ ಮೊಬೈಲಿನಿಂದ ಮನೆಗೆ ಫೋನ್ ಮಾಡಿ ತೋರಿಸಿದಳು. ಫೋನು ಗಂಟಲು ಹರಿಯುವಂತೆ ಕೂಗಿತು. ಚೂಟಿ ಹೆಮ್ಮೆಯಿಂದ ಅಜ್ಜಿಯ ಮುಖ ನೋಡಿದಳು. ಆ ಮುಖ ಇದ್ದಕ್ಕಿದ್ದ ಹಾಗೆ ಸಣ್ಣದಾಗಿಬಿಟ್ಟಿತ್ತು. ಫೋನು ಚೆನ್ನಾಗಿದೆ ಎಂದರೆ ಯಾಕೆ ಬೇಜಾರಾಗಬೇಕೋ ಚೂಟಿಗೆ ತಿಳಿಯಲಿಲ್ಲ.

ಅದರ ಮರುದಿನ ಅಡುಗೆ ಇಳಿಸುವ ಹೊತ್ತಿಗೆ ಅಜ್ಜಿ ಹೊರಗೆ ಹೋಗುವ ಸೀರೆ ಉಟ್ಟು, ಕೈಚೀಲ ಹಿಡಿದು, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಅಮ್ಮ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಳು, ಅವಳಿಗೆ ಕಾಣಿಸುವಂತಿರಲಿಲ್ಲ. ಅಜ್ಜಿ ಒಬ್ಬಳೇ ಬೀದಿಯ ತುದಿಯವರೆಗೂ ಹೋಗುವವಳಲ್ಲ.

"ಎಲ್ಲಿಗೆ ಅಜ್ಜಿ?"

"ನಿನ್ನ ಚಿಕ್ಕಜ್ಜಿ ಹತ್ರ. ಬಸ್ಸು ಎಲ್ಲಿ ನಿಲ್ಲುತ್ತೆ, ಸ್ವಲ್ಪ ತೋರಿಸ್ಬಿಡು."

ಚಿಕ್ಕಜ್ಜಿ ಎಂದರೆ ಅಜ್ಜಿಯ ತಂಗಿ. ಬೇರೆ ಊರಿನಲ್ಲಿ, ಮಹಡಿಯ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ನರ್ಸ್ ಕೆಲಸದಿಂದ ನಿವೃತ್ತಿಯಾದವಳು. ಅವಳಿಗೆ ಕಿವಿ ಪೂರಾ ಮಂದ. ಹಾಗಾಗಿ ಅವಳಿಗೆ ಯಾರೂ ಫೋನ್ ಮಾಡುವುದಿಲ್ಲ, ನೋಡಬೇಕೆಂದರೆ ಹೋಗಿಯೇ ಬರುತ್ತಾರೆ. ಚೂಟಿ ಹೊಸ ನಂಬರ್ ಕಳಿಸುವಾಗ ಆ ಹೆಸರು ನೆನಪಿಗೂ ಬಂದಿರಲಿಲ್ಲ.

ಈಗ ಯಾಕೆ ಹೋಗಬೇಕು ಎಂದು ಚೂಟಿ ಬಿಡದೆ ಕೇಳಿದಳು. ಅಜ್ಜಿ ಚೀಲ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತಳು.

"ಎರಡು ದಿನ ಆಯ್ತು ಕಣೇ, ಅವಳು ರಿಂಗ್ ಕೊಟ್ಟಿಲ್ಲ."

"ಯಾವ ರಿಂಗ್?"

"ಎರಡು ಸಲ ಆಗಿ ನಿಲ್ಲುತ್ತಲ್ಲ, ಅದು. ಹೋದ ವರ್ಷ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬೆಳಗ್ಗೆಯಿಂದ ಸಾಯಂಕಾಲದ ತನಕ ಅಲ್ಲೇ ಇದ್ಲು. ಯಾರಿಗೂ ಗೊತ್ತಾಗ್ಲಿಲ್ಲ. ಆಮೇಲೆ ನಾವಿಬ್ರೂ ಮಾತಾಡ್ಕೊಂಡ್ವಿ. ಊಟಕ್ಕೆ ಕೂರೋ ಮುಂಚೆ ಅವಳು ಎರಡು ರಿಂಗ್ ಕೊಡ್ಬೇಕು. ಎದ್ದಿದ್ದೀನಿ, ಓಡಾಡ್ತಿದ್ದೀನಿ, ಊಟಕ್ಕೆ ಕೂತೆ ಅಂತ. ಅವಳಿಗೆ ರಿಂಗ್ ಕೇಳಿಸಲ್ಲ, ಬೆರಳು ಮಡಚಿ ಎಣಿಸಿ ಇಟ್ಬಿಡ್ತಾಳೆ. ಅದು ಬಂದ್ಮೇಲೆ ನಾನೂ ಊಟಕ್ಕೆ ಏಳೋದು."

"ನೀನೇ ಮಾಡಿದ್ರೆ?"

"ಮಾಡ್ದೆ. ಸುಮ್ನೆ ಹೊಡ್ಕೊಳುತ್ತೆ. ಅವಳಿಗೆ ಹೇಗೆ ಕೇಳಿಸ್ಬೇಕು?"

ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಚೂಟಿ ಕೇಳಿದಳು. ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಕಾಸಿಲ್ದೆ ಮಾಡ್ತಿದ್ವಲ್ಲ. ಫೋನಿನವರಿಗೆ ಗೊತ್ತಾದ್ರೆ ಸುಮ್ನಿರ್ತಾರಾ?"

ಬೇರೆ ದಿನವಾಗಿದ್ದರೆ ಚೂಟಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವಳು ಬಗ್ಗಿ ಅಜ್ಜಿಯ ಚೀಲದೊಳಗೆ ನೋಡಿದಳು. ಅದರಲ್ಲಿ ಒಂದು ಟವೆಲ್ಲು, ಒಂದು ನೀರಿನ ಬಾಟಲಿ, ನೋವಿಗೆ ಹಚ್ಚುವ ಮುಲಾಮಿನ ಡಬ್ಬಿ ಕಾಣುತ್ತಿದ್ದವು. ಬಿದ್ದವಳನ್ನು ಎತ್ತಲು ಹೊರಟವಳ ಚೀಲ ಅದು. ಅಪ್ಪ ಬಸ್ಸಿನಲ್ಲಿ, ಅಮ್ಮ ಮಿಷನ್ನಿನ ಮುಂದೆ. ಅಜ್ಜಿ ಎರಡು ದಿನ ಯಾರಿಗೂ ಹೇಳದೆ ಒಬ್ಬಳೇ ಹೆದರಿಕೊಂಡು ಕೂತಿದ್ದಳು.

"ಅಜ್ಜಿ, ಚಿಕ್ಕಜ್ಜಿ ಹಳೇ ನಂಬರಿಗೆ ತಾನೇ ಮಾಡೋದು?"

"ಹಳೇದು ಹೊಸದು ಏನು ಬಂತು? ನಮ್ಮ ನಂಬರಿಗೆ ಮಾಡ್ತಾಳೆ. ಅವಳಿಗೆ ಬಾಯಿಪಾಠ."

"ನಮ್ಮ ನಂಬರ್ ಈಗ ಬೇರೆ," ಎಂದಳು ಚೂಟಿ. "ನಾನೇ ಬದಲಾಯಿಸಿದ್ದು. ಅಗ್ಗ ಅಂತ."

ಅಜ್ಜಿ ಫೋನನ್ನು ಮುಟ್ಟಿ ನೋಡಿದಳು. "ಅದೇ ಫೋನು ಇದೆಯಲ್ಲೇ," ಎಂದಳು.

ವಿವರಿಸುತ್ತ ಕೂರುವ ಹೊತ್ತಾಗಿರಲಿಲ್ಲ. ಚೂಟಿ ಹಲಗೆಯ ಹಿಂದೆ ನುಸುಳಿದಳು. ಗೋಡೆಯ ಹಳೆಯ ತೂತು ಅಲ್ಲೇ ಖಾಲಿ ಬಿದ್ದಿತ್ತು. ಪಾಪ, ಚಿಕ್ಕಜ್ಜಿ ಬೆರಳು ಮಡಚಿ ಮಡಚಿ ಇಷ್ಟು ದಿನ ಈ ಗೋಡೆಗೆ ಫೋನ್ ಮಾಡಿರಬೇಕು. ಅಥವಾ ಮಾಡಿಲ್ಲವೋ? ಅಜ್ಜಿ ಹೆದರಿದ ಹಾಗೇ ಆಗಿದ್ದರೆ? ಅಪ್ಪ ಆ ಅರ್ಜಿ ಕೊಟ್ಟಾಗಿದ್ದರಂತೂ ಈ ತೂತಿನಲ್ಲಿ ಜೀವವೇ ಇರುವುದಿಲ್ಲ. ಕೇಳೋಣವೆಂದರೆ ಅಪ್ಪ ಬಸ್ ಓಡಿಸುವಾಗ ಮೊಬೈಲ್ ಮುಟ್ಟುವುದಿಲ್ಲ.

ಡಬ್ಬಿಯಿಂದ ವೈರ್ ಕಿತ್ತಳು. ಧೂಳು ಊದಿ ಗೋಡೆಗೆ ಸಿಕ್ಕಿಸಿದಳು. ಟಕ್ ಎಂದಿತು. ರಿಸೀವರ್ ಕಿವಿಗಿಟ್ಟಳು.

ಕುಂಯ್ ಎಂಬ ಹಳೆಯ ಸದ್ದು ಕೇಳಿಸಿತು. ಲೈನ್ ಇನ್ನೂ ಬದುಕಿತ್ತು.

ಅಷ್ಟರಲ್ಲಿ ಅಮ್ಮ ಒಳಗೆ ಬಂದಳು. ಅಜ್ಜಿಯ ಸೀರೆ, ಚೀಲ, ಹಲಗೆಯ ಹಿಂದಿನಿಂದ ಹೊರಬರುತ್ತಿರುವ ಮಗಳು, ಎಲ್ಲವನ್ನೂ ನೋಡಿ ಏನಾಯಿತೆಂದು ಕಣ್ಣಲ್ಲೇ ಕೇಳಿದಳು. ಚೂಟಿ ಒಂದೇ ಉಸಿರಿಗೆ ಹೇಳಿದಳು. ಅಮ್ಮ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಯಾಕತ್ತೆ, ನನಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು. ಬೈದ ಹಾಗಿರಲಿಲ್ಲ. ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು.

ಮೂವರೂ ಕಾದರು. ಅಡುಗೆಮನೆಯಲ್ಲಿ ಅನ್ನ ತಣ್ಣಗಾಗುತ್ತಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದರೂ ಮೂವರ ತಲೆಯೂ ತಿರುಗಿತು. ಊಟದ ಹೊತ್ತು ಮೀರಿತು. ಅಜ್ಜಿಯ ಬೆರಳುಗಳು ಚೀಲದ ಹಿಡಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದವು. ಗಿರಾಕಿಯೊಬ್ಬರು ಬಾಗಿಲಲ್ಲಿ ಕರೆದರೆ ಅಮ್ಮ ಆಮೇಲೆ ಬನ್ನಿ ಎಂದು ಕೂತಲ್ಲಿಂದಲೇ ಹೇಳಿದಳು. ಅವಳು ಗಿರಾಕಿಗೆ ಹಾಗೆ ಹೇಳಿದ್ದನ್ನು ಚೂಟಿ ಎಂದೂ ಕೇಳಿರಲಿಲ್ಲ. ನೀನೇ ಹಾಗೆ ಮಾಡಿದೆ ಎಂದು ಯಾರಾದರೂ ಒಂದು ಮಾತು ಬೈದಿದ್ದರೂ ಚೂಟಿಗೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ.

ಫೋನು ಕೂಗಿತು.

ಅಮ್ಮನ ಕೈ ತಾನಾಗಿ ಮುಂದೆ ಹೋಯಿತು. ಚೂಟಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇನ್ನೊಂದು ಸಲ ಕೂಗಿತು. ನಿಂತಿತು.

ಅಜ್ಜಿ ಕಣ್ಣು ಮುಚ್ಚಿಕೊಂಡಳು. ಅವಳ ಭುಜಗಳು ಮೆಲ್ಲನೆ ಕೆಳಗಿಳಿದವು. ಆಮೇಲೆ ಚೀಲವನ್ನು ಕಾಲ ಬಳಿ ಇಟ್ಟು, "ಇವತ್ತು ಎದ್ದಿದ್ದೇ ಲೇಟಾಗಿರ್ಬೇಕು, ಸೋಮಾರಿ," ಎಂದಳು. "ಹ್ಞಾ, ಊಟ ಹಾಕು."

ಸಂಜೆ ಅಪ್ಪ ಬಂದಾಗ ಚೂಟಿ ಬಾಗಿಲಲ್ಲೇ ಅರ್ಜಿಯ ವಿಷಯ ಕೇಳಿದಳು. ಅಪ್ಪ ಹಲ್ಲು ಬಿಟ್ಟು ಜೇಬಿನಿಂದ ಮುದುರಿದ ಕಾಗದ ತೆಗೆದರು. ಮರೆತೇ ಹೋಗಿತ್ತಂತೆ. ಮರೆವಿಗೆ ದಿನಾ ಮಂಗಳಾರತಿ ಎತ್ತುವ ಅಮ್ಮ ಅವತ್ತು ಅವರಿಗೆ ಎರಡನೇ ಲೋಟ ಟೀ ಕೊಟ್ಟಳು. ಯಾಕೆಂದು ತಿಳಿದ ಮೇಲೆ ಅಪ್ಪ ನಗು ನಿಲ್ಲಿಸಿ, ಆ ಕಾಗದ ಹರಿದು, ಅಜ್ಜಿಯ ಬಳಿ ಹೋಗಿ ಕೂತರು. ಬರುವ ಭಾನುವಾರ ಎಲ್ಲರೂ ಚಿಕ್ಕಜ್ಜಿಯ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು.

ಮರುದಿನ ಫೋನ್ ಮಂತ್ರಿ ಎರಡನೇ ಕಂಪನಿಗೆ ಫೋನ್ ಮಾಡಿದಳು. ಅದೇ ನಿಧಾನದ ಅಕ್ಕ ಸಿಕ್ಕಿದಳು. ಹಳೆಯ ಲೈನ್ ಮುಚ್ಚದೇ ಇದ್ದದ್ದು ಒಳ್ಳೆಯದಾಯಿತು, ನಂಬರನ್ನು ಹಾಗೇ ತಂದುಕೊಡುತ್ತೇವೆ, ಅಲ್ಲಿಯವರೆಗೂ ಮುಚ್ಚಬೇಡಿ ಎಂದಳು. ಆಮೇಲೆ ಮತ್ತದೇ ಪ್ರಶ್ನೆ ಕೇಳಿದಳು. ಹಳೆಯ ನಂಬರಿಗೆ ಯಾರು ಫೋನ್ ಮಾಡುತ್ತಾರೆ?

"ನಮ್ಮ ಚಿಕ್ಕಜ್ಜಿ," ಎಂದಳು ಚೂಟಿ. "ಮಾತಾಡಲ್ಲ. ಆದ್ರೆ ದಿನಾ ಮಾಡ್ತಾರೆ."

ಅಕ್ಕ ಏನೂ ಕೇಳಲಿಲ್ಲ. ಸರಿ ಮರಿ, ಬರ್ಕೊಂಡೆ ಎಂದಳು.

ಹೊಸ ಡಬ್ಬಿ ಬಂತು, ಹಳೆಯ ನಂಬರೂ ಬಂತು. ಅಗ್ಗದ ಡಬ್ಬಿ ವಾಪಸು ಹೋಯಿತು. ಆ ವಾರವೇ ಕೋಟಿನ ಗಿರಾಕಿಯೂ ಬಂದರು. ಎರಡೂ ತೋಳು ಈಗ ಸಮವಾಗಿದ್ದವು. ಅವರು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದಾಗ ಒಳಗಿನ ಹಲಗೆಯ ಮೇಲೆ ಫೋನು ಕೂಗಿತು. ಅಮ್ಮನ ಬಾಯಲ್ಲಿ ಸೂಜಿ ಇತ್ತು. ಗಿರಾಕಿ ಪಾಪ ಉಪಕಾರ ಮಾಡಲೆಂದು ಬಾಗಿಲೊಳಗೆ ಕೈ ಚಾಚಿದರು.

"ಎತ್ತಬೇಡಿ ಅಂಕಲ್," ಎಂದಳು ಚೂಟಿ.

ಎರಡನೇ ಸಲ ಕೂಗಿ ಫೋನು ಸುಮ್ಮನಾಯಿತು.

"ಯಾಕಮ್ಮ, ರಾಂಗ್ ನಂಬರಾ?"

"ಇಲ್ಲ ಅಂಕಲ್, ನಮಗೇ ಬಂದಿದ್ದು," ಎಂದು ಚೂಟಿ ಅಡುಗೆಮನೆಗೆ ಹೋಗಿ ಅಜ್ಜಿಯ ತಟ್ಟೆ ತೆಗೆದುಕೊಂಡಳು.