ಜೇನು ವಿಭಾಗದ ಕೊನೆಯ ಪೇಜು

"ಕಲೋಯಾನ್ ಅಂದ್ರೆ ನೀವೇನಾ? ಎಷ್ಟು ಮೇಲ್ ಹಾಕಿದೀನಿ ಗೊತ್ತಾ? ಒಂದಕ್ಕಾದ್ರೂ ಉತ್ತರ ಬೇಡ್ವಾ?"

ಹಿಮದಲ್ಲಿ ಮಂಡಿಯೂರಿ ಕೂತಿದ್ದ ಹುಡುಗ ತಲೆ ಎತ್ತಲಿಲ್ಲ. ರಬ್ಬರ್ ಕೊಳವೆಯ ಒಂದು ತುದಿ ಜೇನುಪೆಟ್ಟಿಗೆಯ ಬಾಯಲ್ಲಿತ್ತು, ಇನ್ನೊಂದು ಅವನ ಕಿವಿಯಲ್ಲಿ. ತುಟಿಯ ಮೇಲೆ ಬೆರಳಿಟ್ಟು "ಶ್" ಅಂದ.

ತೆಮೆನೂಗಾಳಿಗೆ ಮೈಯೆಲ್ಲಾ ಉರಿದುಹೋಯಿತು. ವಿಶ್ವವಿದ್ಯಾಲಯದ ಗೇಟಿನಲ್ಲಿ ಇವನ ಹೆಸರು ಕೇಳಿಕೊಂಡು, ಅಲ್ಲಿಂದ ಈ ಜೇನುತೋಟದವರೆಗೆ ಡ್ಯಾನ್ಯೂಬ್ ನದಿಯ ಗಾಳಿಗೆ ಮುಖವೊಡ್ಡಿಕೊಂಡು, ಲ್ಯಾಪ್‌ಟಾಪ್ ತಬ್ಬಿಕೊಂಡು ನಡೆದು ಬಂದದ್ದು ಇವನ ಕೈಲಿ ಶ್ ಅನ್ನಿಸಿಕೊಳ್ಳಲಿಕ್ಕಾ?

ಕೊನೆಗೆ ಅವನು ಎದ್ದು ಮಂಡಿಯ ಹಿಮ ಕೊಡವಿಕೊಂಡ. "ಸಾರಿ ಮೇಡಂ. ಚಳಿಗೆ ಹುಳ ಬದುಕಿದಾವಾ ಅಂತ ಕೇಳಿಸ್ಕೊಳ್ತಿದ್ದೆ. ಯಾವ ಮೇಲ್?"

"ವೆಬ್‌ಸೈಟ್ ಬದಲಾಗ್ತಿದೆಯಲ್ಲ, ಆ ಮೇಲ್! ನಿಮ್ಮ ವಿಭಾಗದ ವಿಳಾಸಕ್ಕೇ ಕಳಿಸಿದ್ದು. ಸೈಟಲ್ಲಿ ಇದೆಯಲ್ಲ, ಅದಕ್ಕೆ."

"ಅಯ್ಯೋ, ಅದು ನಮ್ಮ ಹಳೇ ಮೇಷ್ಟ್ರದ್ದು. ಅವರು ರಿಟೈರಾಗಿ ಮೀನು ಹಿಡೀತಾ ಕೂತಿದ್ದಾರೆ."

"ಮತ್ತೆ ನಿಮ್ಮ ಹೆಸರು ಯಾಕಿಲ್ಲ ಸೈಟಲ್ಲಿ?"

"ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯ್ತಷ್ಟೇ ಮೇಡಂ."

ನಗಬಾರದು ಅಂದುಕೊಂಡಿದ್ದಳು. ಆಗಲಿಲ್ಲ. ಅವಳ ನಗುವನ್ನು ಅವನು ನೋಡಿದ, ಕೊಂಚ ಹೆಚ್ಚೇ ಹೊತ್ತು. ಆಮೇಲೆ ಕೊಳವೆಯ ತುದಿಯನ್ನು ಅಂಗಿಗೆ ಒರೆಸಿ ಅವಳ ಮುಂದೆ ಹಿಡಿದ. "ಬೈಯೋದು ಆಮೇಲೆ. ಮೊದ್ಲು ಇದನ್ನ ಕೇಳಿ."

ಕೇಳಿದಳು. ಎಲ್ಲೋ ದೂರದ ಕೋಣೆಯಲ್ಲಿ ತುಂಬಾ ಜನ ಮೆಲ್ಲಗೆ ಒಂದೇ ಸ್ವರ ಹಿಡಿದು ಗುನುಗುತ್ತಿದ್ದ ಹಾಗಿತ್ತು. ಕಣ್ಣು ತೆರೆದಾಗ ಅವನು ಅವಳನ್ನೇ ನೋಡುತ್ತಿದ್ದ, ಸಿಕ್ಕಿಬಿದ್ದವನ ಹಾಗೆ ತಟ್ಟನೆ ಪೆಟ್ಟಿಗೆಯ ಕಡೆ ತಿರುಗಿದ.

ಆಮೇಲೆ ಕೆಲಸದ ಮಾತಾಯಿತು. ವಿಶ್ವವಿದ್ಯಾಲಯದ ಹಳೇ ಸೈಟು ಹರಕು ಚೀಲವಾಗಿತ್ತು. ಎಲ್ಲವನ್ನೂ ಹೊಸ ಸಿಸ್ಟಂಗೆ ಸಾಗಿಸಬೇಕು. ಪ್ರತಿ ವಿಭಾಗದಿಂದ ಒಬ್ಬರು ತಮ್ಮ ಪೇಜುಗಳನ್ನು ಓದಿ, ತಿದ್ದಿ, ತಮ್ಮ ಲಾಗಿನ್‌ನಿಂದಲೇ 'ಒಪ್ಪಿಗೆ' ಅನ್ನುವ ಬಟನ್ ಒತ್ತಬೇಕು. ಒತ್ತದಿದ್ದರೆ ಸಾಗುವುದಿಲ್ಲ.

"ಯಾವತ್ತಿನೊಳಗೆ?"

"ಫೆಬ್ರವರಿ ಹತ್ತು. ಅವತ್ತು ಸಂಜೆಗೇ ಹೊಸ ಸೈಟಲ್ಲಿ ಮುಂದಿನ ವರ್ಷಕ್ಕೆ ಸೇರೋ ಹುಡುಗರ ಅರ್ಜಿ ಶುರು."

ಕಲೋಯಾನ್‌ನ ಮುಖ ಸಣ್ಣದಾಯಿತು. "ಹೋದ ವರ್ಷ ನಮಗೆ ಬಂದಿದ್ದು ಮೂರೇ ಜನ ಮೇಡಂ. ಈ ಸಲ ಇನ್ನೂ ಕಮ್ಮಿ ಆದ್ರೆ ನಮ್ಮನ್ನ ಹಸು-ಹಂದಿ ವಿಭಾಗಕ್ಕೆ ಸೇರಿಸ್ತೀನಿ ಅಂದಿದ್ದಾರೆ ಡೀನ್. ಇನ್ನು ಪೇಜೇ ಇಲ್ಲ ಅಂದ್ರೆ, ಜೇನು ವಿಭಾಗ ಅಂತ ಒಂದಿದೆ ಅನ್ನೋದೇ ಯಾರಿಗೂ ಗೊತ್ತಾಗಲ್ಲ."

"ಹಾಗಾದ್ರೆ ನಾಳೆಯಿಂದ ನನ್ನ ಆಫೀಸಿಗೆ ಬಂದು ಕಲೀರಿ," ಅಂದಳು ತೆಮೆನೂಗಾ.

ಬಂದ. ಮರುದಿನವೂ ಬಂದ. ಅದರ ಮರುದಿನವೂ.

ಒಮ್ಮೆ ಫೋಟೋ ಏರುತ್ತಿಲ್ಲ ಅಂದ. ಇನ್ನೊಮ್ಮೆ ಲಿಂಕು ಎಲ್ಲಿಗೋ ಹೋಗುತ್ತಿದೆ ಅಂದ, ನೋಡಿದರೆ ಜೇನುಹುಳದ ರೋಗಗಳ ಪೇಜಿನಿಂದ ಕ್ಯಾಂಟೀನಿನ ಊಟದ ಪಟ್ಟಿಗೆ ಹೋಗುತ್ತಿತ್ತು. ಅವಳು ಮೌಸ್ ಹಿಡಿದು ತೋರಿಸುತ್ತಿದ್ದಳು. ಅವನು ಪರದೆ ನೋಡಬೇಕಾದ ಹೊತ್ತಲ್ಲಿ ಅವಳ ಕಿವಿಯ ಹಿಂದೆ ನಿಲ್ಲದ ಕೂದಲೆಳೆಯನ್ನು ನೋಡುತ್ತಿದ್ದ. ಅವಳಿಗೆ ಅದು ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದೆ ಅನ್ನುವುದು ಅವನಿಗೆ ಗೊತ್ತಾಗದಿರಲಿ ಅಂತ ಅವಳು ಇನ್ನಷ್ಟು ಗಂಭೀರವಾಗಿ ಪಾಠ ಮಾಡುತ್ತಿದ್ದಳು.

"ಅರ್ಥ ಆಯ್ತಾ?"

"ಅರ್ಧ."

"ಯಾವ ಅರ್ಧ?"

"ಅದು ನಾಳೆ ಹೇಳ್ತೀನಿ."

ಪಕ್ಕದ ಮೇಜಿನ ರುಮ್ಯಾನಾ ಆಂಟಿ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವನು ಹೋದ ಮೇಲೆ, "ಪಾಪ, ಬಹಳ ದಡ್ಡ ಹುಡುಗ ಕಣೇ ತೆಮಿ. ನೋಡೋಕೆ ಮಾತ್ರ ಚೆನ್ನಾಗಿದ್ದಾನೆ," ಅನ್ನುತ್ತಿದ್ದರು.

"ನಾನೆಲ್ಲಿ ನೋಡಿದೆ ಆಂಟಿ?"

"ಅಲ್ವಾ! ನೀನು ಮೌಸ್ ನೋಡ್ತಿದ್ದೆ."

ಒಂಬತ್ತನೇ ತಾರೀಖು ದ್ರಾಕ್ಷಿ ವಿಭಾಗದ ಬೊಯಾಜಿಯೆವಾ ಮೇಡಂ ಅವರ ಪೇಜುಗಳೆಲ್ಲ ಸಲೀಸಾಗಿ ಬಂದಿದ್ದವು. ಕಂಪ್ಯೂಟರ್ ಅಂದರೆ ಮೈಲಿ ದೂರ ಓಡುತ್ತಿದ್ದ ಮೇಡಂ! ತೆಮೆನೂಗಾ ಫೋನ್ ಮಾಡಿ, ಎಲ್ಲಿ ಕಲಿತಿರಿ ಅಂತ ಕೇಳಿದಳು.

"ಜೇನಿನ ಹುಡುಗ ಇದಾನಲ್ಲಮ್ಮ, ಕಲೋಯಾನ್. ಅವನೇ ಕೂತು ಹೇಳಿಕೊಟ್ಟ. ನನಗೊಬ್ಬಳಿಗೇ ಅಲ್ಲ, ಇಡೀ ಮಹಡಿಗೆ! ನೀರು ಕುಡಿದಷ್ಟು ಸುಲಭ ಅವನಿಗೆ."

ತೆಮೆನೂಗಾ ಫೋನಿಟ್ಟಳು. ಕೆನ್ನೆ ಬಿಸಿಯಾಯಿತು. ಫೋಟೋ ಏರದ, ಲಿಂಕು ಕೂರದ, ಅರ್ಧವೇ ಅರ್ಥವಾಗುವ ಹುಡುಗ ಇಡೀ ಮಹಡಿಗೆ ಪಾಠ ಹೇಳಿದ್ದಾನೆ. ನಾಳೆ ಬರಲಿ, ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡಳು. ಅಂದುಕೊಂಡವಳಿಗೆ ನಾಳೆ ಬೇಗ ಬರಲಿ ಅಂತಲೂ ಅನ್ನಿಸಿತು.

ನಾಳೆ ಬಂತು. ಅವನು ಬರಲಿಲ್ಲ.

ಹನ್ನೆರಡು ಗಂಟೆಗೆ ಹಳೇ ಸೈಟಿಗೆ ಬೀಗ. ಹನ್ನೊಂದು ದಾಟಿತ್ತು. ಪರದೆಯ ಮೇಲೆ ಎಲ್ಲ ವಿಭಾಗಗಳೂ ಹಸಿರಾಗಿದ್ದವು, ಒಂದು ಬಿಟ್ಟು. ಜೇನು ವಿಭಾಗ ಹಳದಿಯಾಗಿಯೇ ಇತ್ತು. ಒಂದು ಪೇಜು ಬಾಕಿ: 'ನಮ್ಮಲ್ಲಿಗೆ ಬರುವ ದಾರಿ'.

"ಒಂದೇ ಪೇಜು ತಾನೆ, ಬಿಡು," ಅಂದರು ರುಮ್ಯಾನಾ ಆಂಟಿ.

"ಒಂದು ಬಾಕಿ ಇದ್ರೂ ಇಡೀ ವಿಭಾಗ ಹಿಂದೆ ಉಳಿಯತ್ತೆ ಆಂಟಿ. ಹೊಸ ಸೈಟ್ ಮಾಡ್ತಿರೋ ಕಂಪನಿಯವರು ಬೀಗ ಹಾಕಿದ್ಮೇಲೆ ಮತ್ತೆ ಸಾಗಿಸೋದು ಏಪ್ರಿಲ್‌ಗೇ. ಅಷ್ಟ್ರಲ್ಲಿ ಅರ್ಜಿ ಮುಗಿದೇಹೋಗತ್ತೆ!"

"ನೀನೇ ಒತ್ತಿಬಿಡು."

"ನನ್ನ ಲಾಗಿನ್‌ಗೆ ಆಗಲ್ಲ. ಇವನ ಫೋನ್ ಬೇರೆ ಆಫ್!"

ಆಂಟಿ ಗೋಡೆಯ ಕ್ಯಾಲೆಂಡರ್ ನೋಡಿದರು. ಹಣೆ ಚಚ್ಚಿಕೊಂಡರು. "ಇವತ್ತು ಸಂತ ಹರಲಂಪಿ ಹಬ್ಬ ಕಣೇ! ಜೇನು ಸಾಕೋರೆಲ್ಲ ಚರ್ಚಲ್ಲಿರ್ತಾರೆ. ಇವತ್ತೇ ಗಡುವು ಇಟ್ಟ ಪುಣ್ಯಾತ್ಮ ಯಾರೇ?"

"ನಾನೇ," ಅಂದಳು ತೆಮೆನೂಗಾ, ಕೋಟು ಅರ್ಧ ಹಾಕಿಕೊಂಡು ಓಡುತ್ತಲೇ.

ಚರ್ಚಿನೊಳಗೆ ಕಾಲಿಡಲು ಜಾಗವಿರಲಿಲ್ಲ. ನಡುವಿನ ಮೇಜಿನ ತುಂಬಾ ಜೇನಿನ ಬಾಟಲಿಗಳು, ಪ್ರತಿಯೊಂದರ ಮೇಲೂ ಉರಿಯುವ ಮೇಣದ ಬತ್ತಿ, ಅಷ್ಟೂ ಶಿಲುಬೆಯ ಆಕಾರದಲ್ಲಿ. ಇಡೀ ಮೇಜು ಒಳಗಿಂದಲೇ ಹೊಳೆಯುತ್ತಿತ್ತು. ಪಾದ್ರಿಯ ಮಂತ್ರ ನಡೆದಿತ್ತು. ಆ ಬೆಳಕಿನಾಚೆ ಕಲೋಯಾನ್ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಅವಳನ್ನು ಕಂಡದ್ದೇ ಅವನ ಮುಖವೂ ಹೊತ್ತಿಕೊಂಡಿತು. ಅವಳ ಕೈಲಿದ್ದ ಲ್ಯಾಪ್‌ಟಾಪ್ ಕಂಡು ಆರಿಹೋಯಿತು.

ತೋಳು ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು.

"ಹನ್ನೆರಡಕ್ಕೆ ಮುಚ್ಚತ್ತೆ! ಒಂದು ಪೇಜು ಯಾಕೆ ಬಿಟ್ರಿ?"

"ಹನ್ನೆರಡಕ್ಕಾ? ನೀವು ಹತ್ತನೇ ತಾರೀಖು ಅಂದಿದ್ರಿ ಅಷ್ಟೇ!"

ಹೌದು. ಹೊತ್ತು ಹೇಳಿದ್ದು ಮೇಲ್‌ಗಳಲ್ಲಿ. ಮೀನು ಹಿಡಿಯುವ ಮೇಷ್ಟ್ರಿಗೆ. ತೆಮೆನೂಗಾಳ ಸಿಟ್ಟು ಒಂದು ಮೆಟ್ಟಿಲು ಇಳಿಯಿತು. ಮೋಟುಗೋಡೆಯ ಮೇಲಿನ ಹಿಮ ಸರಿಸಿ ಲ್ಯಾಪ್‌ಟಾಪ್ ಇಟ್ಟಳು, ತನ್ನ ಫೋನಿನಿಂದ ನೆಟ್ ಕೊಟ್ಟಳು. "ಒಂದು ಬಾಕಿ ಇದ್ರೆ ಇಡೀ ವಿಭಾಗ ಹೋಗಲ್ಲ. ಬೇಗ ಲಾಗಿನ್ ಆಗಿ!"

ಅವನ ಮುಖ ಹಿಮಕ್ಕಿಂತ ಬಿಳಿಯಾಯಿತು. ಪಾಸ್‌ವರ್ಡ್ ತಪ್ಪಿತು. ಮತ್ತೆ ತಪ್ಪಿತು. ಕೀಬೋರ್ಡಿನ ಮೇಲೆಲ್ಲಾ ಜೇನಿನ ಅಂಟು.

"ಇನ್ನೊಂದು ಸಲ ತಪ್ಪಿದ್ರೆ ಲಾಕ್ ಆಗತ್ತೆ," ಅಂದಳು. ಅವನ ಕೈ ಹಿಡಿದು ತನ್ನ ಮಫ್ಲರಿನಿಂದ ಒಂದೊಂದೇ ಬೆರಳನ್ನು ಒರೆಸಿದಳು. ಅವಸರವಿತ್ತು, ಆದರೂ ಯಾವ ಬೆರಳನ್ನೂ ಬಿಡಲಿಲ್ಲ. "ಉಸಿರು ಬಿಡಿ. ಈಗ ಮೆಲ್ಲಗೆ."

ತೆರೆಯಿತು. ಅವನು ಬಟನ್ ಒತ್ತಿದ. ಹಳದಿ ಹಸಿರಾಯಿತು. ಅದಾಗಿ ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಚರ್ಚಿನ ಗಂಟೆ ಹನ್ನೆರಡು ಬಾರಿಸತೊಡಗಿತು. ಇಬ್ಬರೂ ಗೋಡೆಗೆ ಒರಗಿದರು.

"ಇಡೀ ಮಹಡಿಗೆ ಪಾಠ ಮಾಡಿದೀರಂತೆ," ಅಂದಳು ತೆಮೆನೂಗಾ, ಗಂಟೆ ನಿಂತ ಮೇಲೆ. "ನಿಮಗೆ ಬರಲ್ಲ ಅನ್ನೋದು ಏನಾದ್ರೂ ಇತ್ತಾ?"

"ಇತ್ತು. ಸುಮ್ನೆ ನಿಮ್ಮ ಮುಂದೆ ಬಂದು ಕೂರೋಕೆ ಬರ್ತಿರ್ಲಿಲ್ಲ. ಅದಕ್ಕೇ ದಿನಾ ಒಂದು ಏನಾದ್ರೂ ಕೆಡಿಸ್ಕೊಂಡು ಬರ್ತಿದ್ದೆ."

"ಈ ಪೇಜು?"

"ಇವತ್ತು ಮಧ್ಯಾಹ್ನ ಬರೋಕೆ ಅಂತ ಉಳಿಸ್ಕೊಂಡಿದ್ದೆ. ಕೊನೇ ಪೇಜಲ್ವಾ, ಅದೂ ಮುಗಿದ್ರೆ ನಿಮ್ಮ ಹತ್ರ ಬರೋಕೆ ಕಾರಣಾನೇ ಇರಲ್ಲ. ಅದಕ್ಕೆ ಮುಂಚೆ ಹೇಳಿಬಿಡೋಣ ಅಂತ... ನೀವಂದ್ರೆ ನಂಗಿಷ್ಟ ಅಂತ."

"ಅದಕ್ಕೋಸ್ಕರ ವಿಭಾಗಾನೇ ಮುಳುಗಿಸ್ತಿದ್ದೆಯಲ್ಲೋ, ಗೂಬೆ!"

"ಮುಳುಗತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ, ನಿಜವಾಗ್ಲೂ."

"ಗೂಬೆ ಅಂದ್ಮೇಲೂ ಮೇಡಂ ಅಂತೀಯಲ್ಲ. ತೆಮಿ ಅನ್ನು."

ಅಂದ. ತುಂಬಾ ಮೆಲ್ಲಗೆ, ಎಲ್ಲಿ ಕೆಟ್ಟುಹೋಗುತ್ತದೋ ಅನ್ನುವ ಹಾಗೆ.

ಪೂಜೆ ಮುಗಿದಿತ್ತು. ಅಂಗಳದ ಉದ್ದನೆಯ ಮೇಜಿಗೆ ಬಿಸಿ ಬ್ರೆಡ್ಡು, ಜೇನು, ಹಣ್ಣಿನ ಸಾರಾಯಿ ರಾಕಿಯಾ ಎಲ್ಲ ಬಂದವು. ತುಪ್ಪಳದ ಟೋಪಿಯ ಮುದುಕರೊಬ್ಬರು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಯಾರಪ್ಪಾ ಈ ಹುಡುಗಿ? ಜೇನು ಸಾಕೋರ ಪೈಕಿ ಕಾಣಲ್ವಲ್ಲ," ಅಂದರು.

ಕಲೋಯಾನ್ ಬಾಯಿ ತೆರೆದ. ಕಿವಿ ಮಾತ್ರ ಕೆಂಪಾಯಿತು.

"ವೆಬ್‌ಸೈಟ್ ಕೆಲಸಕ್ಕೆ ಬಂದಿದ್ದೆ ತಾತ," ಅಂದಳು ತೆಮೆನೂಗಾ.

"ಮುಗೀತಾ ಕೆಲಸ?"

"ಮುಗೀತು."

"ಮತ್ತೆ?"

ಅವಳು ಬ್ರೆಡ್ಡು ಮುರಿದಳು. ಒಂದು ಚೂರನ್ನು ಕಲೋಯಾನ್‌ನ ಕೈಗಿಟ್ಟು, ಬೆಂಚಿನ ಮೇಲೆ ಅವನ ಪಕ್ಕಕ್ಕೆ ಸರಿದು ಕೂತಳು.

"ಮತ್ತೇನಿಲ್ಲ ತಾತ. ಇನ್ನೂ ಹೋಗಿಲ್ಲ, ಅಷ್ಟೇ."