ಕಗ್ಗಲಬೆಟ್ಟದ ಒಳನಕ್ಷೆ

ಡ್ರೋನು ಬಿತ್ತಿಹೋದ, ಹುರುಳಿಕಾಳಿನಷ್ಟು ಸಣ್ಣ ಸಂವೇದಕಗಳು ಕಗ್ಗಲಬೆಟ್ಟದ ಇಳಿಜಾರುಗಳಲ್ಲಿ ಕೆಲಸ ಶುರುಮಾಡಿದ್ದವು. ಆಕಾಶದಿಂದ ಎಡೆಬಿಡದೆ ಸುರಿಯುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳು ಬಂಡೆಯನ್ನೂ ತೂರಿ ಬರುತ್ತವೆ. ಗಟ್ಟಿ ಕಲ್ಲಿದ್ದಲ್ಲಿ ಕಡಿಮೆ, ಟೊಳ್ಳಿದ್ದಲ್ಲಿ ಹೆಚ್ಚು. ಆ ವ್ಯತ್ಯಾಸವನ್ನು ಹಿಡಿದು ಬೆಟ್ಟದ ಮೈಯನ್ನೂ ಒಡಲನ್ನೂ ಒಟ್ಟಿಗೆ ಬರೆಯುವ ಯಂತ್ರವನ್ನು ರೂಪಿಸಿದವಳು ಶಾರ್ವರಿ. 2061ರ ಆ ಮಂಕು ಮಧ್ಯಾಹ್ನ ಅವಳ ಪರದೆಯ ಮೇಲೆ, ದಟ್ಟ ಕಾಡಿನಡಿ, ಒಂದು ಗುಹೆ ಮೂಡಿತು. ಒಳಗೆ ಸಾಲಾಗಿ ನೆಟ್ಟ ಕಲ್ಲುಗಳು.

ಬೆಟ್ಟ ಕೊರೆದು ನೀರನ್ನು ಬಯಲಿಗೊಯ್ಯಲಿರುವ ಸುರಂಗದ ದಾರಿಯನ್ನು ಈ ನಕ್ಷೆಯೇ ಆರಿಸುತ್ತಿತ್ತು. ಜನ ಹೆಸರಿಟ್ಟ ಜಾಗವನ್ನು ಸುರಂಗ ಸುತ್ತಿ ಹೋಗುತ್ತದೆ. ಹೆಸರಿಲ್ಲದ್ದು ಯಂತ್ರದ ಲೆಕ್ಕದಲ್ಲಿ ಖಾಲಿ. ನಿಯಮ ಬರೆದವಳೂ ಶಾರ್ವರಿಯೇ. ತಮಗೆ ಬೇಕಾದ ಜಾಗಕ್ಕೆ ಜನ ಹೆಸರಿಡದೆ ಇರುತ್ತಾರೆಯೇ ಎಂದು ಆಗ ಅನ್ನಿಸಿತ್ತು.

ಅವಳು ಬೆಟ್ಟದ ಬುಡಕಟ್ಟು ಜನರ ಹಾಡಿಗೆ ಹೋಗಿ, ಅಲ್ಲಿನ ಹಿರಿಯಳಾದ ಕೇತಮ್ಮನ ಮುಂದೆ ಪರದೆ ಹಿಡಿದಳು. "ಅಜ್ಜಿ, ಇದಕ್ಕೆ ಏನಂತೀರಿ?"

"ಅಯ್ಯೋ, ಮುಚ್ಚವ್ವ! ಮಲಗಿರೋರ ಕಂಬ್ಳಿ ಎಳೀತಾರಾ?"

ಜ್ವರಕ್ಕೆ ಸತ್ತವರನ್ನು ಮಲಗಿಸಿದ ಗುಹೆ ಅದು. ಕೇತಮ್ಮನ ಮಗಳೂ ಅಲ್ಲಿದ್ದಳು. ಹೆಸರಿದ್ದರೆ ಯಾರಾದರೂ ಕರೆದಾರು, ಕರೆದರೆ ಅವರು ಎದ್ದು ಬಂದಾರು ಎಂದು ಹಾಡಿಯ ಜನ ಆ ಜಾಗಕ್ಕೆ ಹೆಸರೇ ಇಟ್ಟಿರಲಿಲ್ಲ.

"ಹೆಸರಿಲ್ಲದಿದ್ದರೆ ಸುರಂಗ ಅವರ ಮೇಲೇ ಹೋಗುತ್ತೆ, ಅಜ್ಜಿ. ನೀವೇ ಹೇಳಬೇಕು. ನಾನು ಬರೆದರೆ ಯಂತ್ರ ಒಪ್ಪಲ್ಲ."

"ಮಾಡಿದೋಳ ಮಾತ್ನೇ ಕೇಳಾಕಿಲ್ವಾ? ಒಳ್ಳೆ ಮಿಸನ್ನು ಕಣವ್ವ ನಿಂದು!" ಕೇತಮ್ಮ ನಕ್ಕಳು. ಆಮೇಲೆ ಪರದೆಯತ್ತ ಬಾಗಿದಳು. "ನನ್ ಹೆಸ್ರೇ ಹೊದ್ಸು, ಕೇತಮ್ಮ ಅಂತ ಬರ್ಕೊ. ಹಳೇದಾದ್ರೂ ಹರ್ದಿಲ್ಲ."

ಶಾರ್ವರಿ ಬರೆದುಕೊಂಡಳು. ಸುರಂಗದ ಕೆಂಪು ಗೆರೆ ಪಕ್ಕಕ್ಕೆ ಹೊರಳಿತು. ಅವಳಿಗೆ ನಿರಾಳವೆನ್ನಿಸಿತು.

ಮರುವರ್ಷ ಬಂದಾಗ ಶಾರ್ವರಿ ಹಾಡಿಗೆ ಕಾಲಿಡುತ್ತಲೇ, "ಕೇತಮ್ಮಜ್ಜೀ!" ಎಂದು ಕೂಗಿದಳು. ಒಲೆಯ ಮುಂದಿದ್ದ ಅಜ್ಜಿಯ ಸೊಸೆ ಓಡಿಬಂದು ಅವಳ ಕೈ ಹಿಡಿದುಕೊಂಡಳು.

"ಮೇಡಮ್ಮೋರೆ, ಕೂಗ್ಬೇಡಿ! ಅದೀಗ ಗುಹೆ ಹೆಸ್ರು."

"ಮತ್ತೆ ಅಜ್ಜಿಯನ್ನು ಏನಂತ ಕರೀತೀರಿ?"

"ಕರೆಯಾಕಿಲ್ಲ. ಮುಟ್ಟಿ ಊಟಕ್ಕೆ ಎಬ್ಬಿಸ್ತೀವಿ."

ಒಳಗೆ ಮುದುಕಿ ಗೋಡೆಗೊರಗಿ ಕುಳಿತಿದ್ದಳು. ಯಾರು ಬಂದರೂ ತಿರುಗಿ ನೋಡುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಶಾರ್ವರಿ ಅವಳ ಭುಜ ಮುಟ್ಟಿದಳು.

ಬಿಡಾರಕ್ಕೆ ಮರಳಿ ಅವಳು 2020ರ ದಶಕದ ನಕ್ಷೆಗಳನ್ನು ತೆರೆದಳು. ಖಾಲಿ ಎಂದರೆ ಏನೆಂದು ಯಂತ್ರಕ್ಕೆ ಕಲಿಸಿದ್ದು ಅವುಗಳಿಂದಲೇ. ಬೆಟ್ಟಗಳ ನಡುವೆ ಏನೂ ಬರೆಯದೆ ಬಿಟ್ಟ ಜಾಗಗಳು ನೂರಾರಿದ್ದವು. ಅವುಗಳಲ್ಲಿ ಈಗ ಅಣೆಕಟ್ಟು, ಗಣಿ, ಹೆದ್ದಾರಿಗಳಿವೆ. ಅಲ್ಲಿ ಏನಿತ್ತೆಂದು ಹೋಗಿ ಕೇಳೋಣವೆಂದರೆ, ಕೇಳಲು ಯಾರೂ ಉಳಿದಿರಲಿಲ್ಲ.